ಬಟ್ಟೆಗೆ ಬುದ್ಧಿ ಬಂತಂತೆ

ಕಳೆದ ಜೂನಿನಲ್ಲಿ ನಮ್ಮ ಶಾಲೆಯ ಪೋಷಕರ ಸಭೆಗೆ ಒಬ್ಬ ಯುವಕ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲೊಂದು ಸಣ್ಣ ಪೆಟ್ಟಿಗೆ, ಬಾಯಲ್ಲಿ ಮೂರು ಭಾಷೆ. ಪೆಟ್ಟಿಗೆಯಿಂದ ಒಂದು ಬಿಳಿ ಅಂಗಿ ತೆಗೆದು ಮೇಜಿನ ಮೇಲೆ ಹರಡಿದ. ನೋಡಲು ನಮ್ಮ ಮಕ್ಕಳು ದಿನಾ ಹಾಕಿಕೊಳ್ಳುವ ಯೂನಿಫಾರಂ ಅಂಗಿಯಂತೆಯೇ ಇತ್ತು. ಭುಜದ ಹೊಲಿಗೆಯ ಹತ್ತಿರ ಎರಡು ಪದರದ ನಡುವೆ ಮಾತ್ರ ಬೆರಳಿಗೆ ತಾಕುವಂಥ ಒಂದು ಗಟ್ಟಿ ಚೂರು. ಅದೇ ಚಿಪ್. ಮಗು ಶಾಲೆಯ ಗೇಟು ದಾಟಿದ ಕೂಡಲೇ ತಂದೆಯ ಮೊಬೈಲಿಗೆ ಸಂದೇಶ ಹೋಗುತ್ತದಂತೆ. ಗೇಟಿನಿಂದ ಹೊರಗೆ ಕಾಲಿಟ್ಟರೂ ಹೋಗುತ್ತದಂತೆ. ಇನ್ನೆರಡು ವರ್ಷಕ್ಕೆ ಮೈಬಿಸಿ, ಎದೆಬಡಿತ ಹೇಳುವ ಅಂಗಿಯನ್ನೂ ತರುತ್ತಾರಂತೆ.

“ಇದು ಬಟ್ಟೆಗೆ ಬುದ್ಧಿ ಬಂದಿರೋ ಕಾಲ ಮೇಡಂ. ಸ್ಮಾರ್ಟ್ ಟೆಕ್ಸ್‌ಟೈಲ್ ಅಂತಾರೆ” ಎಂದ. ಸಭೆಯಲ್ಲಿದ್ದ ಗಂಡಸರು ತಲೆದೂಗಿದರು. ಆಡಳಿತ ಮಂಡಳಿಯವರ ಮುಖ ಅರಳಿತು. ಪಕ್ಕದ ಶಾಲೆಯವರಿಗಿಂತ ನಾವು ಒಂದು ಹೆಜ್ಜೆ ಮುಂದೆ ಎಂದು ಕರಪತ್ರದಲ್ಲಿ ಹಾಕಿಸಬಹುದಲ್ಲ!

ಹಿಂದಿನ ಬೆಂಚಿನಲ್ಲಿ ಒಬ್ಬಾಕೆ ಕೂತಿದ್ದಳು. ನಮ್ಮ ರಾಮನಗರದ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಅವಳದು. ಮಗಳು ನಮ್ಮಲ್ಲಿ ಏಳನೇ ಕ್ಲಾಸು. ಅಂಗಿ ಕೈಯಿಂದ ಕೈಗೆ ದಾಟಿ ಅವಳ ಹತ್ತಿರ ಹೋಯಿತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ನ ಕಲ್ ಮ್ಯಾಲೆ ಕುಕ್ಕಿ ಒಗೀಬೋದಾ ಸಾರ್?” ಎಂದು ಕೇಳಿದಳು.

ಎಲ್ಲರೂ ನಕ್ಕರು. ಯುವಕನೂ ನಕ್ಕ. “ಇಲ್ಲಮ್ಮ, ಮೆತ್ತಗೆ ಕೈಯಲ್ಲಿ ಒಗೀಬೇಕು, ಹಿಂಡಬಾರದು, ಆ ಜಾಗದ ಮೇಲೆ ಇಸ್ತ್ರಿ ಮಾಡಬಾರದು” ಎಂದ. ನಾನು ಮಾತ್ರ ನಗಲಿಲ್ಲ. ಆ ಸಭೆಯಲ್ಲಿ ಕೇಳಿಬಂದ ಒಂದೇ ಒಂದು ಬುದ್ಧಿಯ ಪ್ರಶ್ನೆ ಅದು. ನನ್ನ ಸರದಿ ಬಂದಾಗ “ನನ್ನ ಒಪ್ಪಿಗೆ ಇಲ್ಲ” ಎಂದೆ. ಐವತ್ತು ದಾಟಿದ ಮೇಡಂಗೆ ಹೊಸದೆಂದರೆ ಭಯ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅವತ್ತು ಐದು ನಿಮಿಷದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ನನಗೆ ಹೊಸದರ ಭಯ ಇಲ್ಲ. ಬಿ.ಎ., ಬಿ.ಎಡ್. ಮಾಡಿದ ಸಮಾಜ ವಿಜ್ಞಾನದ ಟೀಚರಾದರೂ, ಈ ಜಾಣ ಬಟ್ಟೆ ಎಂದರೇನೆಂದು ಹುಡುಕಿ ಓದಿದ್ದೇನೆ. ಓದಿ ಬೆರಗಾಗಿದ್ದೇನೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಸುಂದರೇಶನ್ ಜಯರಾಮನ್ ಎಂಬ, ನಮ್ಮ ದೇಶದಿಂದ ಹೋದ ಪ್ರಾಧ್ಯಾಪಕರು ಮತ್ತು ಅವರ ತಂಡ ಅಲ್ಲಿನ ನೌಕಾಪಡೆಯ ಹಣದಿಂದ ಒಂದು ಅಂಗಿ ನೇಯಲು ಶುರುಮಾಡಿದರು. ದಾರಗಳ ನಡುವೆ ಬೆಳಕು ಹರಿಯುವ ಗಾಜಿನಂಥ ಎಳೆಗಳನ್ನು, ವಿದ್ಯುತ್ ಹರಿಯುವ ಎಳೆಗಳನ್ನು ಸೇರಿಸಿ ನೇಯ್ದ ಅಂಗಿ. ಸೈನಿಕನಿಗೆ ಗುಂಡು ತಗುಲಿದರೆ ಎಲ್ಲಿ ಎಳೆ ಕಡಿದಿದೆ ಎಂಬುದರಿಂದ ಗಾಯ ಎಲ್ಲಾಗಿದೆ ಎಂದು ತಿಳಿಯಬೇಕು, ಅವನ ಎದೆಬಡಿತ ದೂರದ ವೈದ್ಯರಿಗೆ ಕಾಣಬೇಕು ಎಂಬುದು ಅದರ ಉದ್ದೇಶ. ಒಂದು ಜೀವ ಉಳಿಸಲು ಹುಟ್ಟಿದ ಬಟ್ಟೆ ಅದು. ಅದನ್ನು ಯಾರು ಬೇಡವೆಂದಾರು? ಇದಲ್ಲದೆ ಸೆಕೆಯಾದರೆ ಮೈಬಿಸಿಯನ್ನು ಹೀರಿಟ್ಟುಕೊಂಡು ಚಳಿಯಾದರೆ ಬಿಟ್ಟುಕೊಡುವ ಬಟ್ಟೆ ಬಂತು, ಬಿಸಿ ತಾಗಿದರೆ ಬಣ್ಣ ಬದಲಾಯಿಸುವ ಬಟ್ಟೆ ಬಂತು, ಬೆಳ್ಳಿ ಲೇಪಿಸಿದ ದಾರದಿಂದ ಹೃದಯದ ಬಡಿತ ಎಣಿಸುವ ಬನಿಯನ್ನೂ ಬಂತು.

ಆದರೆ ನಾನು ಕೆಲಸಕ್ಕೆ ಸೇರಿದ್ದೂ ಅದೇ 1996ರಲ್ಲಿ, ಮಾಗಡಿಯಲ್ಲಿ. ಹಾಜರಿ ಪುಸ್ತಕದಲ್ಲಿ ನಲವತ್ತೆಂಟು ಹೆಸರು, ಬೆಂಚಿನ ಮೇಲೆ ಮೂವತ್ತು ಮೂವತ್ತೆರಡು ತಲೆ. ಉಳಿದವರೆಲ್ಲಿ ಎಂದು ಕೇಳಿದರೆ ಮಕ್ಕಳೇ “ಹುರಿ ಹಾಕಕ್ಕೋಗವ್ರೆ ಮಿಸ್” ಎನ್ನುತ್ತಿದ್ದರು. ರೇಷ್ಮೆ ನೂಲಿಗೆ ಹುರಿ ಕೊಡುವ ಘಟಕಗಳಲ್ಲಿ ಸಣ್ಣ ಕೈಗಳಿಗೆ ಬೇಡಿಕೆಯಿತ್ತು. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಲು ಎಳೆಬೆರಳೇ ಆಗಬೇಕಂತೆ. ಅಲ್ಲಿ ಅಂಗಿಗೆ ಸೈನಿಕನ ಗಾಯ ಹುಡುಕುವುದನ್ನು ಕಲಿಸುತ್ತಿದ್ದ ಕಾಲದಲ್ಲಿ ಇಲ್ಲಿ ನನ್ನ ಮಕ್ಕಳು ಯಾರದೋ ಬಟ್ಟೆಗಾಗಿ ಎಳೆ ಹುಡುಕುತ್ತಿದ್ದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಕ್ಕ ಮಕ್ಕಳ ಬಗ್ಗೆ ಒಂದು ವರದಿಯನ್ನೇ ಹೊರತಂದಿತು. ಕರ್ನಾಟಕದ ರೇಷ್ಮೆ ಕೆಲಸದ ಮಕ್ಕಳೂ ಅದರಲ್ಲಿದ್ದರು. ಬಾಲಕಾರ್ಮಿಕ ನಿಷೇಧದ ಕಾಯಿದೆ 1986ರಲ್ಲೇ ಬಂದಿತ್ತು. ಬರಬೇಕಾದದ್ದು ನಮ್ಮ ಊರುಗಳಿಗೆ ತಡವಾಗಿ ಬಂತು.

ಈಗ ಹೇಳಿ, “ಬಟ್ಟೆಗೆ ಬುದ್ಧಿ ಬಂತು” ಎಂದರೆ ನನಗೆ ನಗು ಬರುತ್ತದೋ ಸಿಟ್ಟು ಬರುತ್ತದೋ?

ಬಟ್ಟೆಗೆ ಬುದ್ಧಿ ಇವತ್ತು ಬಂದದ್ದಲ್ಲ. ನಾನು ಹುಟ್ಟಿದ್ದು ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ, ಹುಳ ಸಾಕುವ ಮನೆಯಲ್ಲಿ. ಮನೆಯ ಒಳ್ಳೆಯ ಕೋಣೆ ಹುಳಕ್ಕೆ, ನಮಗೆ ಹಜಾರ. ಹುಳ ಇದ್ದ ದಿನಗಳಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಹೊರಗಿನವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಮಗೆ ಜ್ವರ ಬಂದರೆ ಕಷಾಯ ಕೊಟ್ಟು ಮಲಗಿಸುತ್ತಿದ್ದ ಅವ್ವ ಹುಳಕ್ಕೆ ಜ್ವರ ಬಂದರೆ ರಾತ್ರಿಯಿಡೀ ಲಾಂದ್ರ ಹಿಡಿದು ಎದ್ದಿರುತ್ತಿದ್ದಳು. ತಟ್ಟೆಯ ಮೇಲೆ ಕೈ ಆಡಿಸಿ ಕೋಣೆಯಲ್ಲಿ ಸೆಕೆ ಹೆಚ್ಚೋ ತೇವ ಹೆಚ್ಚೋ ಹೇಳುತ್ತಿದ್ದಳು. ಹಣ್ಣಾದ ಹುಳುವನ್ನು ಬಣ್ಣ ನೋಡಿಯೇ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ಇವತ್ತು ಇದನ್ನೆಲ್ಲ ಮಾಡುವ ಯಂತ್ರಕ್ಕೆ ಸೆನ್ಸರ್ ಎನ್ನುತ್ತಾರೆ. ಅವ್ವನಿಗೆ ಯಾರೂ ಏನೂ ಅನ್ನಲಿಲ್ಲ. ಮೂವತ್ತು ವರ್ಷ ಹುಳ ಸಾಕಿದ ಅವಳ ಹತ್ತಿರ ಇದ್ದದ್ದು ಒಂದೇ ರೇಷ್ಮೆ ಸೀರೆ, ಧಾರೆಯದು.

ಆ ಹುಳು ಇಪ್ಪತ್ತೈದು ಇಪ್ಪತ್ತೆಂಟು ದಿನ ಹಿಪ್ಪುನೇರಳೆ ಸೊಪ್ಪು ತಿಂದು, ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಾದರೆ ಒಂದು ಕಿಲೋಮೀಟರನ್ನೂ ದಾಟುತ್ತದೆ. ಆ ಎಳೆಯ ಗುಣ ನೋಡಿ. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸುವುದಿಲ್ಲ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಗಾಯಕ್ಕೆ ಹೊಲಿಗೆ ಹಾಕಲು ವೈದ್ಯರು ಬಹುಕಾಲದಿಂದ ಅದನ್ನು ಬಳಸಿದ್ದಾರೆ. ಜಾಣ ಬಟ್ಟೆ ಎಂದು ಇವತ್ತು ಹೆಸರಿಟ್ಟು ಮಾರುವುದರಲ್ಲಿ ಅರ್ಧಪಾಲನ್ನು ಈ ಹುಳು ಬ್ಯಾಟರಿ ಇಲ್ಲದೆ ಮಾಡುತ್ತಿದೆ.

ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರೆಹ್ಮಿ ಪೋಸ್ಟ್, ಮ್ಯಾಗಿ ಆರ್ಥ್ ಎಂಬ ಸಂಶೋಧಕರು ಬಟ್ಟೆಯ ಮೇಲೆಯೇ ವಿದ್ಯುತ್ ಹರಿಸುವ ಪ್ರಯೋಗ ಮಾಡಿದರಲ್ಲ, ಅದಕ್ಕೆ ಅವರು ಆರಿಸಿಕೊಂಡ ಬಟ್ಟೆಗಳಲ್ಲಿ ಒಂದು ಯಾವುದು ಗೊತ್ತೆ? ಭಾರತದಲ್ಲಿ ನೂರಾರು ವರ್ಷಗಳಿಂದ ತಯಾರಾಗುತ್ತಿರುವ, ರೇಷ್ಮೆ ಎಳೆಯ ಸುತ್ತ ತೆಳ್ಳನೆಯ ಲೋಹದ ತಗಡು ಸುತ್ತಿ ನೇಯ್ದ ಬಟ್ಟೆ. ಅಂದರೆ, ಸೋದರಿಯರೇ, ನಮ್ಮ ಜರಿ! ರೇಷ್ಮೆಯ ಒಡಲು, ಅದರ ಮೇಲೆ ಬೆಳ್ಳಿ, ಬೆಳ್ಳಿಯ ಮೇಲೆ ಚಿನ್ನದ ನೀರು. ಬೆಳ್ಳಿಗಿಂತ ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಇನ್ನೊಂದಿಲ್ಲ. ನಾವು ಮದುವೆಮನೆಯಲ್ಲಿ ಉಟ್ಟು ಮೆರೆಯುವ ಸೆರಗಿನಲ್ಲಿ ಆ ದಾರ ಮೊದಲಿನಿಂದ ಇತ್ತು.

ಕಂಪ್ಯೂಟರಿನ ಕಥೆಯೂ ಅಷ್ಟೆ. ಫ್ರಾನ್ಸಿನ ಲಿಯೋನ್ ರೇಷ್ಮೆಯ ಊರು, ನಮ್ಮ ಹಾಗೆ. ಅಲ್ಲಿ 1804ರ ಹೊತ್ತಿಗೆ ಜಕಾರ್ಡ್ ಎಂಬಾತ ತೂತು ಹಾಕಿದ ರಟ್ಟುಗಳಿಂದ ಹೂವಿನ ನೇಯ್ಗೆ ತಾನಾಗಿ ಮೂಡುವ ಮಗ್ಗ ಮಾಡಿದ. ಆ ತೂತಿನ ರಟ್ಟನ್ನು ಕಂಡೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡುವ ದಾರಿ ಕಂಡುಕೊಂಡದ್ದು. ಕಂಪ್ಯೂಟರು ಮಗ್ಗದಿಂದ ಕಡ ತಂದ ಬುದ್ಧಿಯನ್ನು ಈಗ ಬಟ್ಟೆಗೇ ಮಾರಲು ಬಂದಿದೆ. ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ.

ಆ ಜಕಾರ್ಡನ ಹೆಸರಿಟ್ಟೇ ಗೂಗಲ್ ಮತ್ತು ಲೀವೈಸ್ ಕಂಪನಿಗಳು ಸೇರಿ 2017ರಲ್ಲಿ ಒಂದು ಜಾಕೆಟ್ಟು ಮಾರುಕಟ್ಟೆಗೆ ತಂದವು. ಬೆಲೆ 350 ಡಾಲರ್. ಸೈಕಲ್ ತುಳಿಯುವಾಗ ತೋಳಿನ ಪಟ್ಟಿಯನ್ನು ಸವರಿದರೆ ಹಾಡು ಬದಲಾಗುತ್ತಿತ್ತು, ಫೋನಿಗೆ ಉತ್ತರ ಕೊಡಬಹುದಿತ್ತು. ಮೊದಲ ಜಾಕೆಟ್ಟಿನ ಆ ಜಾಣತನ ಸುಮಾರು ಹತ್ತು ಒಗೆತಕ್ಕೆ ಮಾತ್ರ ಬಾಳುತ್ತದೆ ಎಂದು ಆಗಲೇ ಸುದ್ದಿಯಾಗಿತ್ತು. 2023ರಲ್ಲಿ ಅದಕ್ಕೆ ಬೇಕಾದ ಆ್ಯಪನ್ನೇ ನಿಲ್ಲಿಸಿದರು. ಬಟ್ಟೆ ಹರಿದಿಲ್ಲ, ಬಣ್ಣ ಹೋಗಿಲ್ಲ, ಜಾಣತನ ಮಾತ್ರ ಎಲ್ಲೋ ಕೂತವರು ಗುಂಡಿ ಒತ್ತಿದ್ದರಿಂದ ಸತ್ತುಹೋಯಿತು. ಅವ್ವನ ಧಾರೆ ಸೀರೆಗೆ ಐವತ್ತು ವರ್ಷ ಮೀರಿದೆ. ಮಡಿಕೆಯಲ್ಲಿ ಒಂದೆರಡು ಕಡೆ ಬಿಟ್ಟಿದ್ದನ್ನು ರಫು ಮಾಡಿಸಿದ್ದೇನೆ. ನನ್ನ ಮಗಳ ಮದುವೆಯಲ್ಲಿ ಅವಳೂ ಉಟ್ಟಳು. ಚನ್ನಪಟ್ಟಣದ ಗೊಂಬೆಯನ್ನು ನೋಡಿಲ್ಲವೆ? ಆಲೆ ಮರ, ಅರಗಿನ ಬಣ್ಣ, ಬ್ಯಾಟರಿ ಇಲ್ಲ. ಅಜ್ಜಿ ಆಡಿದ್ದನ್ನು ಮೊಮ್ಮಗು ಆಡುತ್ತದೆ. ಗುಂಡಿ ಒತ್ತಿದರೆ ಹಾಡುವ ಪ್ಲಾಸ್ಟಿಕ್ ಗೊಂಬೆ ಮೂರನೇ ದಿನಕ್ಕೆ ಮೂಕಿ.

ಇನ್ನು ಯೂನಿಫಾರಂ ವಿಚಾರಕ್ಕೆ ಬರುತ್ತೇನೆ. ಇದನ್ನು ಕಂಡುಹಿಡಿದದ್ದು ಆ ಯುವಕನಲ್ಲ. ಬ್ರೆಜಿಲಿನ ವಿಟೋರಿಯಾ ದ ಕಾಂಕಿಸ್ತಾ ಎಂಬ ಊರಿನಲ್ಲಿ 2012ರಲ್ಲೇ ಸುಮಾರು 20 ಸಾವಿರ ಮಕ್ಕಳ ಅಂಗಿಗೆ ಚಿಪ್ ಹೊಲಿದರು. ಮಗು ಶಾಲೆಗೆ ಬಂದರೂ ಸಂದೇಶ, ಬರದಿದ್ದರೂ ಸಂದೇಶ. ಚೀನಾದ ಗುಯ್ಝೋ ಪ್ರಾಂತ್ಯದ ಶಾಲೆಗಳಲ್ಲಿ ಎರಡು ಭುಜಕ್ಕೆ ಎರಡು ಚಿಪ್ ಇರುವ ಯೂನಿಫಾರಂ ಬಂದದ್ದು 2018ರಲ್ಲಿ ಸುದ್ದಿಯಾಯಿತು. ಅದನ್ನು ಐನೂರು ಸಲ ಒಗೆದರೂ ಏನೂ ಆಗುವುದಿಲ್ಲ ಎಂದು ತಯಾರಿಸಿದವರು ಹೇಳಿಕೊಂಡರು. ಹಾಗಾಗಿ ಕುಕ್ಕಿ ಒಗೆಯುವ ತೊಂದರೆ ಇವತ್ತಲ್ಲ ನಾಳೆ ಬಗೆಹರಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ನನ್ನ ಆಕ್ಷೇಪ ಉಳಿಯುತ್ತದೆ. ಯಾಕೆಂದು ಹೇಳಲು ಒಂದು ಹುಡುಗಿಯ ವಿಷಯ ಹೇಳಬೇಕು. ಹೆಸರು ಬರೆಯುವುದಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಚನ್ನಪಟ್ಟಣದಲ್ಲಿದ್ದೆ. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಅವಳ ಅಪ್ಪ ಅವಳನ್ನು ಶಾಲೆ ಬಿಡಿಸಿ ಫಿಲೇಚರಿಗೆ ಹಾಕಿದ. ಮುಂಗಡ ತೆಗೆದುಕೊಂಡಿದ್ದನಂತೆ. ಬೇಸಿಗೆಗೆ ಮದುವೆ ಎಂದೂ ಮಾತಾಗಿತ್ತು. ಪರೀಕ್ಷೆಗೆ ಫೀಸು ಮೊದಲೇ ಕಟ್ಟಿತ್ತು. ನಾನು ಮನೆಗೆ ಹೋದೆ, ಹೆಡ್‌ಮಾಸ್ಟರೂ ಹೋದರು, ಪ್ರಯೋಜನವಾಗಲಿಲ್ಲ. ಕೊನೆಗೆ ಹುಡುಗಿಯ ತಾಯಿಯೇ ಒಂದು ಸಂಜೆ ನಮ್ಮ ಮನೆಗೆ ಬಂದು ಒಂದು ಕೈಚೀಲ ಕೊಟ್ಟಳು. ಅದರಲ್ಲಿ ಮಡಿಸಿದ ಯೂನಿಫಾರಂ ಇತ್ತು. “ಮನೇಲಿದ್ರೆ ಅವ್ರು ಸುಟ್ಟಾಕ್ತಾರೆ ಮಿಸ್. ನಿಮ್ತಾವ ಇರ್ಲಿ” ಎಂದಳು.

ಪರೀಕ್ಷೆಯ ಆರು ದಿನ ಆ ಹುಡುಗಿ ಬೆಳಿಗ್ಗೆ ಬುತ್ತಿ ಹಿಡಿದು ಫಿಲೇಚರಿಗೆ ಹೋಗುವವಳಂತೆ ಮನೆಯಿಂದ ಹೊರಡುತ್ತಿದ್ದಳು. ಅಲ್ಲಿ ಅವಳ ಜಾಗಕ್ಕೆ ತಾಯಿ ಕೂರುತ್ತಿದ್ದಳು. ಹುಡುಗಿ ನಮ್ಮ ಮನೆಗೆ ಬಂದು, ಯೂನಿಫಾರಂ ಹಾಕಿಕೊಂಡು, ನನ್ನ ಜೊತೆ ಪರೀಕ್ಷಾ ಕೇಂದ್ರಕ್ಕೆ ಬರುತ್ತಿದ್ದಳು. ಬಿಸಿನೀರಲ್ಲಿ ನೆಂದು ನೆಂದು ಬೆರಳ ತುದಿ ಬಿಳಿಚಿ ಸುಲಿದಿತ್ತು. ಪೆನ್ನು ಹಿಡಿಯಲು ಕಷ್ಟವಾಗುತ್ತದೆಂದು ನಾನೇ ಬಟ್ಟೆ ಸುತ್ತಿ ಕೊಡುತ್ತಿದ್ದೆ. ಪಾಸಾದಳು. ಅಂಕಪಟ್ಟಿ ಕೈಗೆ ಬಂದ ಮೇಲೆ ಸೋದರಮಾವ ಅವಳ ಪರ ನಿಂತ. ಮದುವೆ ಮುಂದೆ ಹೋಯಿತು. ಇವತ್ತು ಬೆಂಗಳೂರಿನಲ್ಲಿ ದುಡಿಯುತ್ತಾಳೆ, ತಾಯಿ ಅವಳ ಹತ್ತಿರವೇ ಇದ್ದಾಳೆ.

ಆ ಯೂನಿಫಾರಂಗೆ ಬುದ್ಧಿ ಇದ್ದಿದ್ದರೆ? ಒಂಬತ್ತೂವರೆಗೆ ಅಪ್ಪನ ಮೊಬೈಲು ‘ನಿಮ್ಮ ಮಗಳು ಪರೀಕ್ಷಾ ಕೇಂದ್ರ ತಲುಪಿದ್ದಾಳೆ’ ಎನ್ನುತ್ತಿತ್ತು. ಅಷ್ಟೇ ಸಾಕಿತ್ತು. ಆ ಬಟ್ಟೆ ಮೂಕವಾಗಿದ್ದದ್ದೇ ಅವಳ ಪುಣ್ಯ. ತಾಯಿ, ಮಗಳು, ನಾನು, ಮೂವರೂ ಸುಳ್ಳು ಹೇಳಿದೆವು. ನಾಲ್ಕನೆಯದಾಗಿ ಅಂಗಿಯೂ ನಮ್ಮ ಪಕ್ಷದಲ್ಲಿತ್ತು.

ಇದು ಅಪರೂಪದ ಪ್ರಸಂಗ, ಕಾನೂನು ಈಗ ಬಿಗಿಯಾಗಿದೆ, ಅದನ್ನು ಮುಂದಿಟ್ಟುಕೊಂಡು ಎಲ್ಲ ಮಕ್ಕಳ ಭದ್ರತೆಯನ್ನು ತಳ್ಳಿಹಾಕಬಾರದು ಎನ್ನುತ್ತೀರಿ. ಒಪ್ಪುತ್ತೇನೆ, ಮಗು ಎಲ್ಲಿದೆ ಎಂಬ ಆತಂಕ ಎಂಥದ್ದು ಎಂದು ನನಗೂ ಗೊತ್ತು, ನಾನೂ ಹೆತ್ತವಳೇ. ಆದರೆ ನಮ್ಮ ಊರಿನಲ್ಲಿ ಮಗು ಬರಲಿಲ್ಲವೆಂದು ತಿಳಿಯಲು ಚಿಪ್ ಬೇಕೆ? ಹಾಜರಿ ಕೂಗುವ ಟೀಚರು ಸಾಲದೆ? ಮಗು ಗೇಟು ದಾಟಿತು ಎಂದು ಚಿಪ್ ಹೇಳುತ್ತದೆ. ಗೇಟಿನ ಆಚೆ ಯಾರು ಕಾಡುತ್ತಿದ್ದಾರೆ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದವಳು ಹುಡುಗಿಯೇ. ಮೈಮೇಲಿನ ಬಟ್ಟೆಯೇ ಮನೆಗೆ ವರದಿ ಒಪ್ಪಿಸುತ್ತಿದೆ ಎಂದು ತಿಳಿದ ಹುಡುಗಿ ಯಾರನ್ನು ನಂಬಿ ಬಾಯಿ ಬಿಡುತ್ತಾಳೆ? ಸಂಜೆ ಗೆಳತಿಯ ಜೊತೆ ಬಸ್‌ಸ್ಟ್ಯಾಂಡಿನ ಹತ್ತಿರ ಹತ್ತು ನಿಮಿಷ ನಿಂತು ಚುರುಮುರಿ ತಿಂದರೆ ಅದಕ್ಕೂ ಮನೆಯಲ್ಲಿ ವಿಚಾರಣೆ. ಮುಂದೆ ಮೈಬಿಸಿ, ಎದೆಬಡಿತ ಹೇಳುವ ಅಂಗಿ ಬಂತೆನ್ನಿ. ಹುಡುಗಿ ತಿಂಗಳ ಯಾವ ದಿನದಲ್ಲಿದ್ದಾಳೆ ಎಂಬ ಲೆಕ್ಕ ಯಾವ ಕಂಪನಿಯ ಯಾವ ಕಪಾಟಿಗೆ ಹೋಗುತ್ತದೆ? ಆ ಯುವಕನನ್ನು ಇದನ್ನೇ ಕೇಳಿದೆ. “ಡೇಟಾ ಸೇಫ್ ಇರುತ್ತೆ ಮೇಡಂ” ಎಂದ. ಎಲ್ಲಿ ಇರುತ್ತದೆ ಎಂದರೆ ಹೇಳಲಿಲ್ಲ. ನಾವು ನಮ್ಮ ಹೆತ್ತಮ್ಮನ ಹತ್ತಿರವೇ ಹೇಳಲು ಸಂಕೋಚಪಟ್ಟ ವಿಷಯಗಳನ್ನು ಕಂಡರಿಯದವರ ಕಪಾಟಿಗೆ ಕಳಿಸುವುದು ಜಾಣತನವಾಗಲಾರದು.

ಹಾಗಾದರೆ ಒಳ್ಳೆಯ ಜಾಣ ಬಟ್ಟೆ ಇಲ್ಲವೇ ಇಲ್ಲವೇ? ಇದೆ. ನಮ್ಮ ಪಕ್ಕದ ಬೆಂಗಳೂರಿನಲ್ಲೇ ಇದೆ. ಅಚಿರಾ ಲ್ಯಾಬ್ಸ್ ಎಂಬ ಕಂಪನಿಯವರು ರಕ್ತಪರೀಕ್ಷೆಯ ರಾಸಾಯನಿಕಗಳನ್ನು ರೇಷ್ಮೆ ನೂಲಿಗೆ ಲೇಪಿಸಿ, ಆ ನೂಲನ್ನು ಮಗ್ಗದಲ್ಲಿ ನೇಯ್ದು, ಬಟ್ಟೆಯ ಸಣ್ಣ ಪಟ್ಟಿಯನ್ನೇ ಪರೀಕ್ಷೆಯ ಸಾಧನ ಮಾಡುವ ವಿಧಾನವನ್ನು 2011ರಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯವರಿಗೆ ಅಗ್ಗದ ಪರೀಕ್ಷಾ ಪಟ್ಟಿ ಮಾಡುವ ಪ್ರಯತ್ನಕ್ಕೆ ಕೆನಡಾದಿಂದ ಧನಸಹಾಯವೂ ಬಂತು. ನೇಯ್ಗೆಯವರ ವಿದ್ಯೆ, ಹುಳುವಿನ ಎಳೆ, ಬಡವರ ಕಾಯಿಲೆ, ಮೂರನ್ನೂ ಒಂದೇ ಮಗ್ಗಕ್ಕೆ ತರುವ ಯೋಚನೆ ಅದು. ರೇಷ್ಮೆಯ ಪ್ರೋಟೀನಿನಿಂದ ಗಾಯಕ್ಕೆ ಹಾಕುವ ಪಟ್ಟಿ ಮಾಡುವವರೂ ಬೆಂಗಳೂರಿನಲ್ಲಿದ್ದಾರೆ. ಇಂಥದ್ದಕ್ಕೆ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ. ಬೇಕಾದಾಗ ನಾವು ಅದನ್ನು ಕೈಗೆ ತೆಗೆದುಕೊಳ್ಳುತ್ತೇವೆ, ಅದು ಹೇಳುವುದನ್ನು ನಾವೇ ಮೊದಲು ಕೇಳುತ್ತೇವೆ. ಬೆನ್ನ ಹಿಂದೆ ಚಾಡಿ ಹೇಳುವ ಬಟ್ಟೆ ಅದಲ್ಲ.

ಈಗ ಆ ನೂಲು ಬಿಚ್ಚುವವಳ ಕೈಗೆ ಬರುತ್ತೇನೆ. ಗೂಡಿನ ಎಳೆಯನ್ನು ಅಂಟಿಸಿರುವ ಗೋಂದು ಕರಗಬೇಕಾದರೆ ಗೂಡು ಕುದಿಯುವ ನೀರಿನಲ್ಲಿ ಬೇಯಬೇಕು. ಆಮೇಲೆ ಬಿಸಿನೀರಿನ ಬೇಸಿನ್ನಿನಲ್ಲಿ ತೇಲುವ ಗೂಡಿನಿಂದ, ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ತೆಗೆಯಬೇಕು. ಅಂಥ ಎಂಟು ಹತ್ತು ಎಳೆ ಸೇರಿದರೆ ಒಂದು ನೂಲು. ಒಂದು ಎಳೆ ಮುಗಿದ ಕೂಡಲೇ ಇನ್ನೊಂದನ್ನು ಎಸೆದು ಸೇರಿಸಬೇಕು. ದಿನವಿಡೀ ಕೈ ನೀರಿನಲ್ಲಿ, ಮೂಗು ಬೆಂದ ಹುಳುವಿನ ವಾಸನೆಯಲ್ಲಿ, ಕಣ್ಣು ಹೊಗೆಯಲ್ಲಿ. ಬೆರಳ ಸಂದು ಕೊಳೆಯುತ್ತದೆ, ಚರ್ಮ ಸುಲಿಯುತ್ತದೆ, ಎಷ್ಟೋ ಜನಕ್ಕೆ ಉಬ್ಬಸ. ರಬ್ಬರಿನ ಕೈಗವಸು ಹಾಕಿಕೊಳ್ಳಿ ಎಂದು ನಾನೇ ಒಮ್ಮೆ ಉಪದೇಶ ಮಾಡಿದ್ದೆ. “ಅದ್ನ ಹಾಕ್ಕಂಡ್ರೆ ಎಳೆ ಸಿಕ್ಕಲ್ಲ ಮಿಸ್. ಬೆಳ್ಳಿಗೆ ಕಣ್ಣಿರ್ಬೇಕು” ಎಂದಳು ಒಬ್ಬಳು. ಬೆಳ್ಳು ಎಂದರೆ ಬೆರಳು. ಅವತ್ತಿನಿಂದ ಉಪದೇಶ ನಿಲ್ಲಿಸಿದ್ದೇನೆ.

ಈ ಉದ್ಯಮಕ್ಕೆ ಬುದ್ಧಿವಂತರ ಕೊರತೆ ಎಂದೂ ಇರಲಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಹುಳು ತರಿಸಿದರು. 1896ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನ ಪದ್ಧತಿಯ ರೇಷ್ಮೆ ಫಾರಂ ಮಾಡಿದರು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಿಗೆ ರೇಷ್ಮೆ ನೇಯ್ಗೆಯ ಕಾರ್ಖಾನೆ ಬಂತು. ಬಿಚ್ಚಾಣಿಕೆಯಲ್ಲಿ ಉಳಿದ ರೇಷ್ಮೆ ಕಸವೂ ಹಾಳಾಗಬಾರದೆಂದು ಅದರಿಂದ ನೂಲು ತೆಗೆಯುವ ಮಿಲ್ಲು ಚನ್ನಪಟ್ಟಣದಲ್ಲಿ ಬಂತು. 1980ರಲ್ಲಿ ಊಜಿ ನೊಣ ರಾಜ್ಯಕ್ಕೆ ಬಂದು ಹುಳುಗಳನ್ನು ಕೊಂದಾಗ ವಿಜ್ಞಾನಿಗಳು ಹಗಲಿರುಳು ದುಡಿದರು. ಮನೆಮನೆಗೂ ನೈಲಾನ್ ಪರದೆ ಬಂತು. 1990ರ ದಶಕದಲ್ಲಿ ಮೈಸೂರಿನ ಸಂಶೋಧನಾ ಕೇಂದ್ರದವರು ಜಪಾನಿನ ನೆರವಿನಿಂದ ಸಿ.ಎಸ್.ಆರ್. ಎಂಬ ಹೊಸ ತಳಿಗಳನ್ನು ಕೊಟ್ಟರು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು, ಹರಾಜು ಮೊಬೈಲಿಗೂ ಬಂತು. ಹುಳುವಿಗೆ ಪರದೆ ಬಂತು, ಎಲೆಗೆ ಗೊಬ್ಬರ ಬಂತು, ನೂಲಿಗೆ ದರ್ಜೆ ಬಂತು. ಆ ಕೈಗೊಂದು ಗವಸು ಬರಲಿಲ್ಲ.

ತಾನಾಗಿ ನೂಲು ಬಿಚ್ಚುವ ದೊಡ್ಡ ಯಂತ್ರಗಳು ಬಂದಿರುವುದು ನಿಜ. ಅವು ಇರುವ ಕಡೆ ಕೈ ನೀರಿಗೆ ಹೋಗುವುದು ಕಡಿಮೆಯಾಗಿದೆ. ಆದರೆ ಆ ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಸಣ್ಣ ಬಿಚ್ಚಾಣಿಕೆದಾರರ ಶೆಡ್ಡುಗಳಲ್ಲಿ ಹಳೆಯ ಬೇಸಿನ್ನುಗಳು ಇನ್ನೂ ಇವೆ, ಅವುಗಳ ಮುಂದೆ ನನ್ನ ಶಿಷ್ಯೆಯರ ತಾಯಂದಿರು ಇದ್ದಾರೆ.

ಆದ್ದರಿಂದ ಜಾಣ ಬಟ್ಟೆ ಮಾಡುವವರಿಗೆ ನನ್ನದೊಂದು ಸವಾಲು. ಸೈನಿಕನ ಗಾಯ ಹುಡುಕುವ ಅಂಗಿ ಮಾಡಿದಿರಿ, ಸೈಕಲ್ ಸವಾರನಿಗೆ ಹಾಡು ಬದಲಾಯಿಸುವ ತೋಳು ಮಾಡಿದಿರಿ. ಬಿಸಿ ತಡೆಯುವ, ನೀರು ಒಳಗೆ ಬಿಡದ, ಆದರೂ ಬೆರಳ ತುದಿಗೆ ರೇಷ್ಮೆಯ ಎಳೆ ತಿಳಿಯುವಷ್ಟು ತೆಳ್ಳಗಿರುವ, ಒಂದು ದಿನದ ಕೂಲಿಗಿಂತ ಕಡಿಮೆ ಬೆಲೆಯ ಒಂದು ಜೊತೆ ಕೈಗವಸು ಮಾಡಿಕೊಡಿ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬೆಂಗಳೂರಿನಲ್ಲಿದೆ, ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಅಲ್ಲೇ ಇದೆ. ರಾಮನಗರಕ್ಕೆ ಐವತ್ತು ಕಿಲೋಮೀಟರು. ಬನ್ನಿ, ಬೇಸಿನ್ನಿನ ಮುಂದೆ ಒಂದು ದಿನ ಕೂತು ನೋಡಿ. ಆ ಕೈಗವಸು ಬಂದ ದಿನ ಬಟ್ಟೆಗೆ ಬುದ್ಧಿ ಬಂತು ಎಂದು ನಾನೇ ತರಗತಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ.

ನಿಮಗೂ ಒಂದು ಮಾತು. ಇಂಥ ಅಂಗಿ, ಬನಿಯನ್ನು, ಮಗುವಿನ ಕಾಲುಚೀಲ, ಏನೇ ಹಿಡಿದು ಯಾರೇ ನಿಮ್ಮ ಮುಂದೆ ಬಂದರೂ ಬೆರಗಾಗುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದನ್ನು ಹೇಗೆ ಒಗೆಯುವುದು? ಹಾಳಾದರೆ ನಮ್ಮೂರಲ್ಲಿ ಯಾರು ಸರಿಮಾಡುತ್ತಾರೆ? ಇದು ನನ್ನ ಮೈಯ ಬಗ್ಗೆ ತಿಳಿದದ್ದನ್ನು ಯಾರಿಗೆ ಹೇಳುತ್ತದೆ? ಇದನ್ನು ಮಾಡಿದ ಕೈ ಹೇಗಿದೆ? ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ, ಜರಿ ಅಸಲಿಯೇ ಎಂದು ಅಂಗಡಿಯವನನ್ನು ಅರ್ಧ ದಿನ ಕಾಡುವವರು ನಾವು. ಇಲ್ಲಿ ಮಾತ್ರ ಯಾಕೆ ಬಾಯಿ ಕಟ್ಟಬೇಕು?

ನಮ್ಮ ಶಾಲೆಯ ಸಭೆ ಅವತ್ತು ತೀರ್ಮಾನವಿಲ್ಲದೆ ಮುಗಿಯಿತು. ಮುಂದಿನ ಸಭೆಯಲ್ಲಿ ಮತ ಹಾಕುತ್ತಾರಂತೆ. ತಂದೆಯರಿಗೆ ಮೊಬೈಲಿನಲ್ಲಿ ಸೂಚನೆ ಹೋಗಿದೆ. ತಾಯಂದಿರಿಗೆ ನಾನು ಮನೆಮನೆಗೆ ಹೋಗಿ ಹೇಳಿಬರುತ್ತಿದ್ದೇನೆ. ಆ ಹಿಂದಿನ ಬೆಂಚಿನವಳ ಮನೆಗೂ ಹೋಗಿದ್ದೆ. “ನಾನೇನ್ ಮಾತಾಡ್ಲಿ ಮಿಸ್, ಎಲ್ರೂ ನಗ್ತಾರೆ” ಎಂದಳು. ಬಂದು ಮುಂದಿನ ಬೆಂಚಿನಲ್ಲಿ ಕೂತು, ಅವತ್ತು ಕೇಳಿದ್ದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಕೇಳು, ಉಳಿದ ಮೂರು ಪ್ರಶ್ನೆ ನಾನು ಕೇಳುತ್ತೇನೆ ಎಂದಿದ್ದೇನೆ. ಬರುತ್ತೇನೆ ಎಂದಿದ್ದಾಳೆ.